ಬಿಚ್ಚಿ ಕಟ್ಟಿದ ಟೂ-ಸ್ಟ್ರೋಕ್ ರೇಸ್ ಎಂಜಿನ್ ಪದೇಪದೇ ಸೀಜ್ ಆದರೆ: ದೋಷ ಹುಡುಕುವ ಕ್ರಮ

ಸೀಜ್ ಎಂದರೆ ಪಿಸ್ಟನ್ ಸಿಲಿಂಡರ್‌ಗೆ ಕಚ್ಚಿ ಹಿಡಿದು ಎಂಜಿನ್ ನಿಲ್ಲುವುದು. ಲಕ್ಷಣ ಸಾಮಾನ್ಯವಾಗಿ ಹೀಗಿರುತ್ತದೆ. ಹೊಸ ಪಿಸ್ಟನ್, ಬೇರಿಂಗ್, ಆಯಿಲ್ ಸೀಲ್ ಹಾಕಿ ಕಟ್ಟಿದ 125 ಸಿಸಿ ಎಂಜಿನ್ ಮೊದಲ ಕಿಕ್‌ಗೇ ಸ್ಟಾರ್ಟ್ ಆಗುತ್ತದೆ. ಸ್ಟ್ಯಾಂಡ್ ಮೇಲೆ ದೂರಿಲ್ಲ, ಟ್ರ್ಯಾಕ್‌ನ ಮೊದಲ ಕೆಲವು ಸುತ್ತುಗಳಲ್ಲೂ ದೂರಿಲ್ಲ. ಆಮೇಲೆ ಉದ್ದನೆಯ ನೇರ ಹಾದಿಯ ಕೊನೆಯಲ್ಲಿ, ಥ್ರಾಟಲ್ ಪೂರ್ತಿ ತೆರೆದಿರುವಾಗ, ಎಳೆತ ಸಡಿಲವಾಗುತ್ತದೆ, ದನಿ ತೆಳ್ಳಗಾಗುತ್ತದೆ, ಹಿಂದಿನ ಚಕ್ರ ಜಾಮ್ ಆಗುತ್ತದೆ. ಬಿಚ್ಚಿ ನೋಡಿದರೆ ಪಿಸ್ಟನ್ ಸ್ಕರ್ಟ್ (ಅದರ ಕೆಳಭಾಗದ ಪಕ್ಕಗೋಡೆ) ಉಜ್ಜಿಹೋಗಿರುತ್ತದೆ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮಾಡುವುದು ಎರಡೇ ಕೆಲಸ: ಇನ್ನೊಂದು ಪಿಸ್ಟನ್ ಹಾಕುವುದು, ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಅಳೆದು ಬಿಡುವ ಮೇನ್ ಜೆಟ್ ಎರಡು ಸೈಜ್ ದೊಡ್ಡದು ಮಾಡುವುದು. ಕೆಲವೊಮ್ಮೆ ಎಂಜಿನ್ ಹಾಗೆ ಓಡಿಬಿಡುತ್ತದೆ ಕೂಡ. ಆದರೆ ಎಲ್ಲಿಂದಲೋ ಗಾಳಿ ಎಳೆದುಕೊಳ್ಳುತ್ತಿರುವ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿ ಕುಡಿಸಿ ತೇಪೆ ಹಾಕಿದಂತಾಯಿತು ಅಷ್ಟೆ. ಸೀಲ್ ಇನ್ನಷ್ಟು ಸವೆದಾಗ ಮತ್ತೊಂದು ಪಿಸ್ಟನ್ ಹೋಗುತ್ತದೆ. ಹಾಗಾಗಿ ಇಲ್ಲಿನ ಕ್ರಮದ ಮೊದಲ ನಿಯಮ ಇದು: ಎಂಜಿನ್ ಸೋರುತ್ತಿಲ್ಲ ಎಂದು ಅಳೆದು ಖಾತ್ರಿಯಾಗುವವರೆಗೆ ಜೆಟ್ ಮುಟ್ಟಬೇಡಿ.

ಉದಾಹರಣೆಗೆ ಇಟ್ಟುಕೊಂಡಿರುವುದು ನೀರಿನಿಂದ ತಣಿಯುವ, ರೀಡ್ ವಾಲ್ವ್ (ಮಿಶ್ರಣವನ್ನು ಒಳಕ್ಕೆ ಮಾತ್ರ ಬಿಡುವ ಎಲೆಯಂಥ ಕವಾಟ) ಇರುವ, ಕಾರ್ಬ್ಯುರೇಟರ್‌ನ ಒಂಟಿ ಸಿಲಿಂಡರ್ ಎಂಜಿನ್. ಬೋರ್ (ಸಿಲಿಂಡರ್ ಒಳವ್ಯಾಸ) 54 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಟದ ಉದ್ದ) 54.5 ಮಿ.ಮೀ., ಅಂದರೆ 124.8 ಸಿಸಿ. ಕಾರ್ಟ್ ಎಂಜಿನ್‌ಗೂ, 50ರಿಂದ 250 ಸಿಸಿವರೆಗಿನ ಬೈಕ್ ಎಂಜಿನ್‌ಗೂ ಕ್ರಮ ಇದೇ, ಅಂಕಿಗಳು ಮಾತ್ರ ಬದಲಾಗುತ್ತವೆ. ನಿಮ್ಮ ಎಂಜಿನ್‌ನ ಸರ್ವಿಸ್ ಮ್ಯಾನ್ಯುಯಲ್ ಬೇರೆ ಅಂಕಿ ಹೇಳಿದರೆ ಅದನ್ನೇ ಹಿಡಿಯಿರಿ.

ಬಿಚ್ಚುವ ಆತುರ ಬೇಡ

ಸೀಜ್ ಆದ ಎಂಜಿನ್ ತಣ್ಣಗಾದ ಮೇಲೆ ಬಹುಮಟ್ಟಿಗೆ ಮತ್ತೆ ತಿರುಗುತ್ತದೆ. ತಿರುಗಿತೆಂದು ಓಡಿಸಬೇಡಿ, ಹಾಗೆಂದು ಆ ಕ್ಷಣವೇ ಹೆಡ್ ಬಿಚ್ಚಲೂ ಬೇಡಿ. ಬೇಸ್ ಗ್ಯಾಸ್ಕೆಟ್ ಸೋರುತ್ತಿತ್ತೇ, ಹೆಡ್‌ನ ಓ-ರಿಂಗ್ ಸರಿಯಾಗಿ ಕೂತಿತ್ತೇ ಎಂಬುದನ್ನು ನಟ್ ಸಡಿಲಿಸಿದ ಮೇಲೆ ಯಾವ ಪರೀಕ್ಷೆಯೂ ಹೇಳಲಾರದು.

ಮೊದಲು ಪ್ಲಗ್ ತೆಗೆದು ಒರೆಸದೆ ಹಾಗೆಯೇ ಎತ್ತಿಡಿ. ಕಾರ್ಬ್ಯುರೇಟರ್‌ನ ಫ್ಲೋಟ್ ಬೌಲ್‌ನಲ್ಲಿರುವ ಪೆಟ್ರೋಲನ್ನು ಅಳತೆ ಗ್ಲಾಸಿಗೆ ಇಳಿಸಿ, ಎಷ್ಟಿದೆ ಎಂದು ಬರೆದುಕೊಳ್ಳಿ. ಇದರ ಉಪಯೋಗ ಮುಂದೆ ಬರುತ್ತದೆ. ಗ್ಲಾಸಿನ ತಳದಲ್ಲಿ ನೀರಿನ ಹನಿಯೋ ಕಸವೋ ಕಂಡರೆ ಅದೂ ಸಾಕ್ಷಿಯೇ. ಆಮೇಲೆ ಸೈಲೆನ್ಸರ್ ಪೈಪ್ ಕಳಚಿ, ಎಕ್ಸಾಸ್ಟ್ ಪೋರ್ಟ್‌ನಿಂದ ಟಾರ್ಚ್ ಬಿಟ್ಟು ಪಿಸ್ಟನ್ ನೋಡಿ. ಶಾಫ್ಟ್ ತುದಿಯಲ್ಲಿರುವ ಮ್ಯಾಗ್ನೆಟ್ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ ಹೋದರೆ ಸ್ಕರ್ಟ್‌ನ ಆ ಬದಿ ಪೂರ್ತಿ ಕಾಣುತ್ತದೆ, ರಿಂಗ್ ಮುಕ್ತವಾಗಿದೆಯೇ ಎಂದೂ ತಿಳಿಯುತ್ತದೆ: ಮರದ ಕಡ್ಡಿಯಿಂದ ಮೆಲ್ಲಗೆ ಒತ್ತಿದರೆ ಒಳಗೆ ಹೋಗಿ ಮತ್ತೆ ಹೊರಬರಬೇಕು. ಇಷ್ಟು ನೋಡಿದ ಮೇಲೆ ಸೋರಿಕೆ ಪರೀಕ್ಷೆ.

ಸೋರಿಕೆ ಪರೀಕ್ಷೆ

ಟೂ-ಸ್ಟ್ರೋಕ್‌ನಲ್ಲಿ ಪಿಸ್ಟನ್ ಕೆಳಗಿನ ಕೋಣೆಯಾದ ಕ್ರ್ಯಾಂಕ್‌ಕೇಸೇ ಪಂಪ್. ಪಿಸ್ಟನ್ ಮೇಲೆ ಹೋಗುವಾಗ ಅಲ್ಲಿ ನಿರ್ವಾತ ಉಂಟಾಗಿ ಮಿಶ್ರಣ ಒಳಗೆ ಬರುತ್ತದೆ. ಸೀಲ್, ಗ್ಯಾಸ್ಕೆಟ್, ಮ್ಯಾನಿಫೋಲ್ಡ್ ಎಲ್ಲೇ ಸಂದಿಯಿದ್ದರೂ ಕಾರ್ಬ್ಯುರೇಟರ್ ಅಳೆಯದ ಗಾಳಿ ಅಲ್ಲಿಂದ ನುಗ್ಗುತ್ತದೆ. ಆ ಗಾಳಿಗೆ ತಕ್ಕ ಪೆಟ್ರೋಲ್ ಇಲ್ಲ, ಪೆಟ್ರೋಲ್ ಜೊತೆಗೇ ಬರಬೇಕಾದ ಆಯಿಲ್ಲೂ ಇಲ್ಲ. ಮಿಶ್ರಣ ಲೀನ್ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ) ಆಗಿ ಪಿಸ್ಟನ್ ಕಾಯುವುದು, ಅದೇ ಹೊತ್ತಿಗೆ ಆಯಿಲ್ ಪದರ ತೆಳುವಾಗುವುದು ಎರಡೂ ಒಟ್ಟಿಗೇ ನಡೆಯುತ್ತವೆ.

ಬೇಕಾದ ಸಾಮಾನು ದುಬಾರಿಯದಲ್ಲ. ಎಕ್ಸಾಸ್ಟ್ ಪೋರ್ಟ್ ಮುಚ್ಚಲು ಉಬ್ಬುವ ರಬ್ಬರ್ ಬಿರಡೆ, ಕಾರ್ಬ್ಯುರೇಟರ್ ಕೂರುವ ರಬ್ಬರ್ ಮ್ಯಾನಿಫೋಲ್ಡ್‌ಗೆ ಗಾಳಿ ನಳಿಕೆಯಿರುವ ಇನ್ನೊಂದು ಬಿರಡೆ, ಮತ್ತು ರಕ್ತದೊತ್ತಡ ನೋಡುವ ಉಪಕರಣದ ರಬ್ಬರ್ ಬಲ್ಬು, ಅದರ ಮುಳ್ಳಿನ ಗೇಜು. ಆ ಗೇಜಿನ ಕೊನೆಯ ಅಂಕಿ 300 ಮಿ.ಮೀ. ಪಾದರಸ, ಅಂದರೆ 5.8 ಪಿಎಸ್‌ಐ. ಈ ಪರೀಕ್ಷೆಗೆ ಬೇಕಾದ ಒತ್ತಡ 6 ಪಿಎಸ್‌ಐ ಆಸುಪಾಸು. ಇದಕ್ಕಿಂತ ಒಪ್ಪುವ ಗೇಜ್ ಹುಡುಕಿದರೂ ಸಿಗದು. ಕಂಪ್ರೆಸರ್ ಗಾಳಿ ಮಾತ್ರ ನೇರವಾಗಿ ಬಿಡಬೇಡಿ. 10 ಪಿಎಸ್‌ಐ ದಾಟಿದರೆ ಒಳ್ಳೆಯ ಸೀಲ್‌ನ ತುಟಿಯೂ ಮಗುಚಿಕೊಳ್ಳಬಹುದು, ಇಲ್ಲದ ದೋಷವನ್ನು ನೀವೇ ಹುಟ್ಟಿಸಿದಂತಾಗುತ್ತದೆ.

ಕ್ರಮ:

1. ಪಿಸ್ಟನ್ ಅನ್ನು ಪೂರ್ತಿ ಕೆಳಗೆ ತನ್ನಿ. ಟ್ರಾನ್ಸ್‌ಫರ್ ಪೋರ್ಟ್‌ಗಳು ತೆರೆದು ಸಿಲಿಂಡರ್ ಮತ್ತು ಕ್ರ್ಯಾಂಕ್‌ಕೇಸ್ ಒಂದಾಗುತ್ತವೆ.
2. ಪ್ಲಗ್ ಹಾಕಿ ಬಿಗಿಮಾಡಿ, ಎಕ್ಸಾಸ್ಟ್ ಮುಚ್ಚಿ, ಮ್ಯಾನಿಫೋಲ್ಡ್ ಬಾಯಿಂದ ಗಾಳಿ ಕೊಡಿ. ಪ್ಲಗ್ ತೂತಿನಿಂದ ಕೊಟ್ಟರೆ ರೀಡ್‌ಗಳು ಮುಚ್ಚಿಕೊಳ್ಳುತ್ತವೆ, ಮ್ಯಾನಿಫೋಲ್ಡ್‌ನ ಬಿರುಕು ಪರೀಕ್ಷೆಗೆ ಸಿಗುವುದೇ ಇಲ್ಲ. ಹೆಚ್ಚು ತಪ್ಪುವುದು ಇಲ್ಲಿಯೇ.
3. 300ಕ್ಕೆ ಏರಿಸಿ ಬಲ್ಬಿನ ತಿರುಪು ಮುಚ್ಚಿ, ಗಡಿಯಾರ ನೋಡಿ. ಒಂದು ನಿಮಿಷದಲ್ಲಿ 250ಕ್ಕೆ ಇಳಿದರೆ ಅದು ಸುಮಾರು 1 ಪಿಎಸ್‌ಐ ಇಳಿಕೆ. ರಸ್ತೆಯ ಗಾಡಿಗೆ ಇದನ್ನು ಕೊನೆಯ ಮಿತಿ ಎನ್ನುತ್ತಾರೆ. 11,000 ಸುತ್ತು ತಿರುಗಿಸುವ ಎಂಜಿನ್‌ಗೆ ಅಷ್ಟು ಉದಾರವಾಗುವುದು ಸಲ್ಲ. ಹೊಸದಾಗಿ ಕಟ್ಟಿದ್ದು ಐದಾರು ನಿಮಿಷ ಹೆಚ್ಚುಕಡಿಮೆ ಕದಲದೆ ನಿಲ್ಲಬೇಕು.
4. ಮುಳ್ಳು ಇಳಿಯುತ್ತಿದ್ದರೆ ಮೊದಲು ನಿಮ್ಮ ಬಿರಡೆಗಳಿಗೇ ಸೋಪುನೀರು ಹಚ್ಚಿ. ಸೋರುತ್ತಿರುವುದು ಎಷ್ಟೋ ಸಲ ಅವೇ.
5. ಆಮೇಲೆ ಕ್ರಮವಾಗಿ ಮ್ಯಾನಿಫೋಲ್ಡ್, ರೀಡ್ ಬ್ಲಾಕ್, ಬೇಸ್ ಗ್ಯಾಸ್ಕೆಟ್, ಹೆಡ್, ಕ್ರ್ಯಾಂಕ್‌ಕೇಸ್‌ನ ಎರಡು ಅರ್ಧ ಕೂಡುವ ಗೆರೆ. ಮ್ಯಾಗ್ನೆಟ್ ಮತ್ತು ಅದರ ಹಿಂದಿನ ಸ್ಟೇಟರ್ ಪ್ಲೇಟ್ (ಕಾಯಿಲ್ ಇರುವ ತಟ್ಟೆ) ಕಳಚದೆ ಎಡಗಡೆ ಸೀಲ್ ಕಾಣುವುದಿಲ್ಲ, ಕಳಚಲೇಬೇಕು.

ಗೇರ್‌ಬಾಕ್ಸ್ ಕಡೆಯ ಸೀಲ್ ಕ್ಲಚ್‌ನ ಹಿಂದೆ ಅಡಗಿರುತ್ತದೆ. ಅದನ್ನು ನೋಡಲು ಕ್ಲಚ್ ಬಿಚ್ಚಬೇಕಿಲ್ಲ; ಗೇರ್‌ಬಾಕ್ಸ್‌ನ ಬ್ರೀದರ್ ಪೈಪಿನ ತುದಿಯನ್ನು ನೀರಿನ ಲೋಟದಲ್ಲಿ ಅದ್ದಿ. ಗುಳ್ಳೆ ಬಂದರೆ ಸೀಲ್ ಹೋಗಿದೆ. ರೇಡಿಯೇಟರ್ ಮುಚ್ಚಳ ತೆಗೆದು ಅಲ್ಲೂ ನೋಡಿ. ಅಲ್ಲಿ ಗುಳ್ಳೆ ಎದ್ದರೆ ಹೆಡ್‌ನ ಓ-ರಿಂಗ್ ಅಥವಾ ಗ್ಯಾಸ್ಕೆಟ್. ಎಕ್ಸಾಸ್ಟ್ ಪೋರ್ಟ್‌ನ ಎತ್ತರ ಬದಲಿಸುವ ಪವರ್ ವಾಲ್ವ್‌ನ ಶಾಫ್ಟ್ ಬಳಿ ಸೋಪು ನೊರೆಗಟ್ಟಿದರೆ ಮಾತ್ರ ಗಾಬರಿ ಬೇಡ. ಅದು ಎಕ್ಸಾಸ್ಟ್ ಬದಿ; ಅಲ್ಲಿಂದ ಮಸಿ ಹೊರಬರುತ್ತದೆಯೇ ಹೊರತು ಮಿಶ್ರಣ ಲೀನ್ ಆಗದು.

ಒತ್ತಡದಲ್ಲಿ ಪಾಸಾದ ಸೀಲ್ ನಿರ್ವಾತದಲ್ಲಿ ಫೇಲ್ ಆಗಬಹುದು. ಒಳಗಿನ ಒತ್ತಡ ತುಟಿಯನ್ನು ಶಾಫ್ಟ್‌ಗೆ ಒತ್ತಿ ಹಿಡಿಯುತ್ತದೆ, ನಿರ್ವಾತ ಅದನ್ನೇ ಶಾಫ್ಟ್‌ನಿಂದ ಬಿಡಿಸುತ್ತದೆ. ಆದ್ದರಿಂದ ಕೈ ಪಂಪಿನಿಂದ 0.3 ಬಾರ್‌ನಷ್ಟು ನಿರ್ವಾತವನ್ನೂ ಕೊಟ್ಟು ನೋಡಿ. ಈ ಸಲ ಎಳೆಯಬೇಕಾದ್ದು ಪ್ಲಗ್ ತೂತಿನಿಂದ, ಮ್ಯಾನಿಫೋಲ್ಡ್ ಬಾಯನ್ನು ಮುಚ್ಚಿ. ಮ್ಯಾನಿಫೋಲ್ಡ್‌ನಿಂದ ಎಳೆದರೆ ರೀಡ್ ಮುಚ್ಚಿಕೊಂಡು ಕ್ರ್ಯಾಂಕ್‌ಕೇಸ್ ಪರೀಕ್ಷೆಯಿಂದ ತಪ್ಪಿಸಿಕೊಳ್ಳುತ್ತದೆ.

ಎರಡು ಕಡೆಯ ಸೀಲ್‌ಗಳ ಲಕ್ಷಣ ಬೇರೆಬೇರೆ. ಮ್ಯಾಗ್ನೆಟ್ ಕಡೆಯದು ಬರೀ ಗಾಳಿ ಎಳೆಯುತ್ತದೆ: ಥ್ರಾಟಲ್ ಮುಚ್ಚಿದರೂ ಆರ್‌ಪಿಎಂ ಕೂಡಲೇ ಇಳಿಯದೆ ಮೇಲೆಯೇ ತೂಗಾಡುತ್ತದೆ, ಪ್ಲಗ್ ಬೆಳ್ಳಗಿರುತ್ತದೆ. ಗೇರ್‌ಬಾಕ್ಸ್ ಕಡೆಯದು ಗೇರ್ ಆಯಿಲ್ ಎಳೆಯುತ್ತದೆ: ಹೊಗೆ ದಟ್ಟ, ಪ್ಲಗ್ ಒದ್ದೆ ಕಪ್ಪು, ಗೇರ್ ಆಯಿಲ್ ಮಟ್ಟ ಇಳಿಕೆ. ಕಪ್ಪು ಪ್ಲಗ್ ನೋಡಿ ರಿಚ್ (ಪೆಟ್ರೋಲ್ ಹೆಚ್ಚು) ಎಂದುಕೊಂಡು ಜೆಟ್ ಇಳಿಸಿದರೆ ಎಂಜಿನ್ ಕಥೆ ಮುಗಿದಂತೆ.

ಹೊಸ ಸೀಲೇ ಸೋರಲು ಕಾರಣಗಳು ಬೆರಳೆಣಿಕೆಯವು. ಸ್ಪ್ರಿಂಗ್ ಇರುವ ಮುಖ ಕ್ರ್ಯಾಂಕ್‌ಕೇಸ್ ಒಳಕ್ಕಿರಬೇಕು. ತುಟಿಗೆ ಗ್ರೀಸ್ ಸವರದೆ ಶಾಫ್ಟ್‌ನಲ್ಲಿ ಕೀ ಕೂರುವ ತೋಡಿನ ಮೇಲೆ ತಳ್ಳಿದರೆ ತುಟಿ ಕತ್ತರಿಸುತ್ತದೆ. ತೋಡಿನ ಮೇಲೆ ತೆಳು ಪ್ಲಾಸ್ಟಿಕ್ ಸುತ್ತಿ ಹಾಕಬೇಕು. ಹಳೆಯ ಸೀಲ್ ಶಾಫ್ಟ್ ಮೇಲೆ ಉಗುರಿಗೆ ಸಿಗುವಷ್ಟು ಗೀರು ಕೊರೆದಿದ್ದರೆ, ಹೊಸದನ್ನು ಅದೇ ಜಾಗಕ್ಕೆ ತರದೆ ಅರ್ಧ ಮಿ.ಮೀ. ಆಚೆ ಕೂರಿಸಿ. ಆದರೆ ಬೇರಿಂಗ್‌ಗೆ ಆಯಿಲ್ ಬರುವ ತೂತು ಮುಚ್ಚದಂತೆ ನೋಡಿಕೊಳ್ಳಿ.

ಸೋರುವ ಜಾಗ ಹುಡುಕಲು ಓಡುತ್ತಿರುವ ಎಂಜಿನ್‌ಗೆ ಕಾರ್ಬ್ ಕ್ಲೀನರ್ ಸಿಂಪಡಿಸುವ ರೂಢಿಯಿದೆ. ಸೀಲ್ ಬಳಿ ತಲುಪುವುದೇ ಇಲ್ಲ, ಪೈಪು ಕೆಂಪಗೆ ಕಾದಿದ್ದರೆ ಬೆಂಕಿ ಬೇರೆ. ಬಿಟ್ಟುಬಿಡಿ.

ಪಿಸ್ಟನ್ ಏನು ಹೇಳುತ್ತದೆ

ಈಗ ಹೆಡ್, ಸಿಲಿಂಡರ್ ಬಿಚ್ಚಿ. ಪಿಸ್ಟನ್ ತಲೆಯ ಮೇಲಿನ ಬಾಣ ಎಕ್ಸಾಸ್ಟ್ ಕಡೆಗಿತ್ತೇ ಎಂದು ಮೊದಲು ನೋಡಿ. ತಿರುಗುಮುರುಗಾದರೆ ರಿಂಗ್‌ನ ಪಿನ್ ಪೋರ್ಟ್‌ಗೆ ಎದುರಾಗಿ ರಿಂಗ್ ತುದಿ ಪೋರ್ಟ್‌ಗೆ ಸಿಕ್ಕಿ ಮುರಿಯುತ್ತದೆ.

ಗಾಯ ಎಲ್ಲಿದೆ ಎಂಬುದೇ ಮುಖ್ಯ. ಪಿಸ್ಟನ್ನನ್ನು ರಾಡ್‌ಗೆ ಜೋಡಿಸುವ ಗುಡ್ಜನ್ ಪಿನ್‌ನ ಎರಡೂ ಪಕ್ಕಗಳಲ್ಲಿ, ಒಟ್ಟು ನಾಲ್ಕು ಕಡೆ ಹೆಚ್ಚುಕಡಿಮೆ ಸಮನಾಗಿ ಉಜ್ಜಿದ್ದರೆ ಅದು ತಣ್ಣನೆಯ ಸೀಜ್. ಅಲ್ಯೂಮಿನಿಯಂ ಪಿಸ್ಟನ್ ಬೇಗ ಹಿಗ್ಗಿತು, ಸುತ್ತಲೂ ನೀರಿರುವ ಸಿಲಿಂಡರ್ ಹಿಗ್ಗಲಿಲ್ಲ. ನೀರು 50 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಮೊದಲೇ ಥ್ರಾಟಲ್ ತಿರುಚಿದ್ದು, ಇಲ್ಲವೇ ಪಿಸ್ಟನ್‌ಗೆ ಕೊಟ್ಟ ಕ್ಲಿಯರೆನ್ಸ್ ಸಾಲದ್ದು ಕಾರಣ. ಇದರಲ್ಲಿ ಜೆಟ್‌ನ ತಪ್ಪಿಲ್ಲ.

ಗಾಯ ಎಕ್ಸಾಸ್ಟ್ ಬದಿಗೆ ಮಾತ್ರ ಇದ್ದರೆ ಕಾವು ಜಾಸ್ತಿಯಾಗಿದೆ: ಲೀನ್ ಮಿಶ್ರಣ, ಸೋರಿಕೆ, ತಪ್ಪಿದ ಟೈಮಿಂಗ್ (ಕಿಡಿ ಹಾರುವ ಹೊತ್ತು), ನೀರಿನ ಕೊರತೆ ಇವುಗಳಲ್ಲಿ ಒಂದು. ಇನ್‌ಟೇಕ್ ಬದಿಗೆ ಮಾತ್ರ ಇದ್ದರೆ ಆಯಿಲ್ ಸಾಲಲಿಲ್ಲ ಅಥವಾ ಏರ್ ಫಿಲ್ಟರ್ ದಾಟಿ ಧೂಳು ಬಂದಿದೆ. ಧೂಳಿನ ಗುರುತು ಸುಲಭ: ಸ್ಕರ್ಟ್ ಮಾಸಿದ ಬೂದು ಬಣ್ಣಕ್ಕೆ ತಿರುಗಿ, ಸಣ್ಣ ನೇರ ಗೀರುಗಳಿರುತ್ತವೆ, ಲೋಹ ಮೆತ್ತಿಕೊಂಡಿರುವುದಿಲ್ಲ.

ಎಕ್ಸಾಸ್ಟ್ ಪೋರ್ಟ್‌ನ ನಡುವೆ ಸೇತುವೆ ಇರುವ ಸಿಲಿಂಡರ್‌ನಲ್ಲಿ ಇನ್ನೊಂದು ಗಾಯ ಕಾಣಿಸುತ್ತದೆ: ಎಕ್ಸಾಸ್ಟ್ ಬದಿಯ ನಟ್ಟನಡುವೆ ಒಂದೇ ಕಿರಿದಾದ ಪಟ್ಟಿ. ಸೇತುವೆಗೆ ಎರಡೂ ಕಡೆಯಿಂದ ಬೆಂಕಿ ತಾಗಿ ಅದು ಹಿಗ್ಗಿ ಒಳಕ್ಕೆ ಉಬ್ಬುತ್ತದೆ. ಪರಿಹಾರ ಹೊಸ ಪಿಸ್ಟನ್ ಒಂದೇ ಅಲ್ಲ. ಸೇತುವೆಯ ಮುಖವನ್ನು 0.05ರಿಂದ 0.08 ಮಿ.ಮೀ. ತಗ್ಗಿಸಬೇಕು, ಪಿಸ್ಟನ್‌ನಲ್ಲಿ ಅದರ ಎದುರಿಗೆ ಬರುವಂತೆ 2 ಮಿ.ಮೀ. ಒಳಗಿನ ಎರಡು ಆಯಿಲ್ ತೂತು ಕೊರೆದು ಅಂಚು ಮೊಂಡು ಮಾಡಬೇಕು. ಬೋರ್‌ನ ಪ್ಲೇಟಿಂಗ್ (ನಿಕಲ್ ಲೇಪ) ತೆಳುವಿರುವ ಸಿಲಿಂಡರ್‌ನಲ್ಲಿ ಸೇತುವೆ ಉಜ್ಜುವುದನ್ನು ಪ್ಲೇಟಿಂಗ್ ಮಾಡುವವರಿಗೇ ಬಿಡುವುದು ಮೇಲು.

ತಲೆಯ ಅಂಚು, ಅದರಲ್ಲೂ ಎಕ್ಸಾಸ್ಟ್ ಬದಿಯ ಅಂಚು, ಮೆಣಸು ಉದುರಿಸಿದಂತೆ ಗುಳಿ ಬಿದ್ದಿದ್ದರೆ ನಾಕಿಂಗ್, ಅಂದರೆ ಅಂಚಿನ ಮಿಶ್ರಣ ತಾನೇ ಸಿಡಿದಿದೆ. ಹೆಡ್‌ನ ಸ್ಕ್ವಿಷ್ ಪಟ್ಟಿಯಲ್ಲೂ (ಪಿಸ್ಟನ್ ಅಂಚಿಗೆ ಎದುರಾಗುವ ಭಾಗ) ಅದೇ ಗುಳಿಗಳಿರುತ್ತವೆ, ಪ್ಲಗ್‌ನ ಪಿಂಗಾಣಿಗೆ ಅಲ್ಯೂಮಿನಿಯಂನ ಸಣ್ಣ ಬಿಂದುಗಳು ಅಂಟಿರುತ್ತವೆ, ಭೂತಗನ್ನಡಿಯಲ್ಲಿ ಹೊಳೆಯುತ್ತವೆ. ತಲೆಯ ಮಧ್ಯದಲ್ಲೇ ಕರಗಿ ತೂತು ಬಿದ್ದಿದ್ದರೆ ಅದು ಬೇರೆ ರೋಗ. ಕಿಡಿ ಬರುವ ಮೊದಲೇ ಕೆಂಡದಂತೆ ಕಾದ ಯಾವುದೋ ಬಿಂದುವಿನಿಂದ ಉರಿ ಹತ್ತಿದೆ: ತೀರಾ ಬಿಸಿ ಶ್ರೇಣಿಯ ಪ್ಲಗ್, ಸಡಿಲ ಪ್ಲಗ್, ಇಲ್ಲವೇ ಉದ್ದ ಹೆಚ್ಚಾಗಿ ಚೇಂಬರ್ ಒಳಕ್ಕೆ ಚಾಚಿದ ಪ್ಲಗ್ ಎಳೆಗಳು. ಎನ್‌ಜಿಕೆಯಲ್ಲಿ ಸಂಖ್ಯೆ ಏರಿದಷ್ಟೂ ಪ್ಲಗ್ ತಣ್ಣಗೆ, ಬಾಷ್‌ನಲ್ಲಿ ಇದಕ್ಕೆ ಉಲ್ಟಾ. ಬ್ರ್ಯಾಂಡ್ ಬದಲಿಸುವಾಗ ಎಡವುವುದು ಇಲ್ಲೇ.

ಪಿಸ್ಟನ್ ಮಗುಚಿ ತಲೆಯ ಒಳಬದಿಯನ್ನೂ ನೋಡಿ. ತಿಳಿ ಕಂದು ಇದ್ದರೆ ಕಾವು ಹದದಲ್ಲಿತ್ತು. ಕರಿ ಹೊಪ್ಪಳೆ ಗಟ್ಟಿಯಾಗಿ ಕೂತಿದ್ದರೆ ಆಯಿಲ್ ಅಲ್ಲೇ ಸುಟ್ಟಿದೆ, ಅಂದರೆ ಕಾವು ಒಂದು ಕ್ಷಣದ್ದಲ್ಲ, ಬಹಳ ಹೊತ್ತಿನದು. ಕನೆಕ್ಟಿಂಗ್ ರಾಡ್‌ನ ಕೆಳತುದಿ ನೀಲಿಗಟ್ಟಿದ್ದರೆ ಕ್ರ್ಯಾಂಕ್ ಬಿಚ್ಚದೆ ಮುಂದುವರಿಯುವಂತಿಲ್ಲ.

ಪೆಟ್ರೋಲ್ ಸಾಲುತ್ತಿದೆಯೇ

ಸೋರಿಕೆ ಇಲ್ಲ, ಗಾಯ ಎಕ್ಸಾಸ್ಟ್ ಬದಿಯದು ಎಂದಾದರೆ ಮುಂದಿನ ಅನುಮಾನ ಪೆಟ್ರೋಲ್ ಹರಿವಿನ ಮೇಲೆ. ನೇರದ ಕೊನೆಯಲ್ಲೇ ಸೀಜ್ ಆಗುತ್ತಿದ್ದರೆ ಇದು ಇನ್ನೂ ಬಲವಾಗುತ್ತದೆ. ಲೆಕ್ಕ ಹೀಗಿದೆ: 35 ಎಚ್‌ಪಿ, ಅಂದರೆ ಸುಮಾರು 26 ಕಿಲೋವ್ಯಾಟ್ ಕೊಡುವ ಟೂ-ಸ್ಟ್ರೋಕ್, ಪ್ರತಿ ಕಿಲೋವ್ಯಾಟ್ ಗಂಟೆಗೆ ಹತ್ತಿರಹತ್ತಿರ ಅರ್ಧ ಕಿಲೋ ಪೆಟ್ರೋಲ್ ಕುಡಿಯುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ ಅದು ನಿಮಿಷಕ್ಕೆ ಸುಮಾರು 300 ಮಿ.ಲೀ. ಕಾರ್ಬ್ಯುರೇಟರ್‌ನ ಡ್ರೈನ್ ತಿರುಪು ತೆಗೆದು, ಟ್ಯಾಪ್ ತೆರೆದು, ಒಂದು ನಿಮಿಷ ಅಳತೆ ಗ್ಲಾಸಿಗೆ ಹಿಡಿಯಿರಿ. ಹೀಗೆ ಹಿಡಿದರೆ ಟ್ಯಾಪ್, ಜಾಲರಿ, ಪೈಪು, ಫ್ಲೋಟ್ ಸೂಜಿಯ ಕಿಂಡಿ ಎಲ್ಲವೂ ಒಟ್ಟಿಗೆ ಪರೀಕ್ಷೆಗೆ ಒಳಪಡುತ್ತವೆ. ಓಡುವಾಗ ಸೂಜಿ ಇಷ್ಟು ತೆರೆದಿರುವುದಿಲ್ಲ; ಹಾಗಾಗಿ 500 ಮಿ.ಲೀ. ಬಂದರೆ ನೆಮ್ಮದಿ, 350 ಬಂದರೆ ತೊಂದರೆ ಅಲ್ಲೇ ಇದೆ. ಟ್ಯಾಂಕ್ ಮುಚ್ಚಳ ಹಾಕಿಕೊಂಡೇ ಅಳೆಯಿರಿ. ಮುಚ್ಚಳ ತೆಗೆದಾಗ ಚೆನ್ನಾಗಿ ಹರಿದು, ಹಾಕಿದಾಗ ಸೊರಗಿದರೆ ಬ್ರೀದರ್ ಕಟ್ಟಿದೆ ಅಥವಾ ಅದರ ಒಮ್ಮುಖ ವಾಲ್ವ್ ತಿರುಗುಮುರುಗಾಗಿದೆ.

ಆಗಲೇ ಬೌಲ್‌ನಿಂದ ಇಳಿಸಿ ಅಳೆದ ಪೆಟ್ರೋಲ್ ಈಗ ಕೆಲಸಕ್ಕೆ ಬರುತ್ತದೆ. ತುಂಬಿದ ಬೌಲ್‌ನಲ್ಲಿ ಎಷ್ಟು ಹಿಡಿಯುತ್ತದೆ ಎಂದು ಅಳೆದು ಹೋಲಿಸಿ. ಸೀಜ್ ಆದ ಕೂಡಲೇ ಟ್ಯಾಪ್ ಮುಚ್ಚಿದ್ದು, ಬೌಲ್‌ನಲ್ಲಿ ಅರ್ಧವೂ ಇಲ್ಲದಿದ್ದರೆ ಮೇನ್ ಜೆಟ್ ಗಾಳಿ ಕುಡಿದಿದೆ. ಆಗ ಎಷ್ಟು ದೊಡ್ಡ ಜೆಟ್ ಹಾಕಿದರೂ ಅಷ್ಟೇ.

ಆಯಿಲ್ ಮಿಶ್ರಣದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. 5 ಲೀಟರ್ ಪೆಟ್ರೋಲ್‌ಗೆ 40:1ರಲ್ಲಿ 125 ಮಿ.ಲೀ., 32:1ರಲ್ಲಿ 156 ಮಿ.ಲೀ., 20:1ರಲ್ಲಿ 250 ಮಿ.ಲೀ. ಆಯಿಲ್. ಹೆದರಿ ಆಯಿಲ್ ಹೆಚ್ಚಿಸಿದವರು, ಮಿಶ್ರಣ ರಿಚ್ ಆಯಿತು ಎಂದುಕೊಳ್ಳುತ್ತಾರೆ. ಆಗುವುದು ಉಲ್ಟಾ: ಅದೇ ಜೆಟ್‌ನಲ್ಲಿ ಆಯಿಲ್ ಹೆಚ್ಚು ಹರಿದಷ್ಟೂ ಪೆಟ್ರೋಲ್ ಕಡಿಮೆ, ಗಾಳಿಗೆ ಹೋಲಿಸಿದರೆ ಮಿಶ್ರಣ ಲೀನ್. ಆಯಿಲ್ ಪ್ರಮಾಣ ಬದಲಿಸಿದರೆ ಜೆಟ್ಟಿಂಗ್ ಮತ್ತೆ ನೋಡಲೇಬೇಕು.

ಇನ್ನು ಜೆಟ್ಟಿಂಗ್. ಥ್ರಾಟಲ್ ಮುಕ್ಕಾಲಿನಿಂದ ಪೂರ್ತಿಯವರೆಗೆ ಮೇನ್ ಜೆಟ್, ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್, ಅದಕ್ಕೂ ಕೆಳಗೆ ಸ್ಲೈಡ್‌ನ ಕಟ್ ಮತ್ತು ಪೈಲಟ್ ಜೆಟ್ (ಐಡ್ಲಿಂಗ್‌ನ ಚಿಕ್ಕ ಜೆಟ್). ಥ್ರಾಟಲ್ ಹಿಡಿಯ ಮೇಲೆ ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಗುರುತು ಹಾಕಿಕೊಂಡರೆ ಯಾವ ಹಂತದಲ್ಲಿ ತೊಂದರೆ ಎಂದು ಊಹಿಸಬೇಕಾಗಿಲ್ಲ. ಪ್ಲಗ್ ಓದಲು ಹೊಸ ಪ್ಲಗ್ ಹಾಕಿ, ಪೂರ್ತಿ ಥ್ರಾಟಲ್‌ನಲ್ಲಿ ನೇರವಿಡೀ ಓಡಿಸಿ, ಕ್ಲಚ್ ಹಿಡಿದು ಆ ಕ್ಷಣವೇ ಎಂಜಿನ್ ಆಫ್ ಮಾಡಿ. ಐಡ್ಲಿಂಗ್‌ನಲ್ಲಿ ವಾಪಸ್ ತಂದ ಪ್ಲಗ್ ಐಡ್ಲಿಂಗ್ ಕಥೆಯನ್ನೇ ಹೇಳುತ್ತದೆ. ನೋಡಬೇಕಾದ್ದು ಪಿಂಗಾಣಿಯ ತುದಿಯನ್ನಲ್ಲ, ಬುಡವನ್ನು: ಅಲ್ಲಿ ತೆಳ್ಳನೆಯ ಕಂದು ಉಂಗುರ ಇರಬೇಕು. ಇಲ್ಲವೇ ಇಲ್ಲವೆಂದರೆ ಲೀನ್.

ನೇರ ಮುಗಿದು ಬ್ರೇಕ್ ಹಿಡಿದಾಗ, ಅಂದರೆ ಥ್ರಾಟಲ್ ಮುಚ್ಚಿದ ಮೇಲೆ ಸೀಜ್ ಆಗುವುದೂ ಉಂಟು. ಎಂಜಿನ್ ಇನ್ನೂ 10,000 ಸುತ್ತಿನಲ್ಲಿದೆ, ಪೆಟ್ರೋಲ್ ನಿಂತಿದೆ, ಅದರೊಂದಿಗೆ ಆಯಿಲ್ಲೂ ನಿಂತಿದೆ. ಕಾರ್ಟ್ ಓಡಿಸುವವರು ನೇರದ ಕೊನೆಯಲ್ಲಿ ಕಾರ್ಬ್ಯುರೇಟರ್ ಬಾಯಿಗೆ ಅರೆಕ್ಷಣ ಅಂಗೈ ಅಡ್ಡ ಹಿಡಿಯುವುದು ಇದಕ್ಕೇ. ನಿರ್ವಾತ ಹೆಚ್ಚಿ ಮಿಶ್ರಣ ಜಾಸ್ತಿ ಒಳಗೆ ಹೋಗುತ್ತದೆ. ಬೈಕ್‌ನಲ್ಲಿ ಪೈಲಟ್ ಜೆಟ್ ಒಂದು ಸೈಜ್ ಏರಿಸಿ ನೋಡಿ.

ಮಾಡಿಫಿಕೇಶನ್ ತಂದ ತೊಂದರೆಗಳು

ನಾಕಿಂಗ್ ಗುರುತು ಕಂಡಿದ್ದರೆ ಅಳೆಯಬೇಕಾದ್ದು ಮೂರು: ಸ್ಕ್ವಿಷ್, ಕಂಪ್ರೆಷನ್, ಟೈಮಿಂಗ್.

ಸ್ಕ್ವಿಷ್ ಎಂದರೆ ಪಿಸ್ಟನ್ ಪೂರ್ತಿ ಮೇಲಿದ್ದಾಗ ಅದರ ಅಂಚಿಗೂ ಹೆಡ್‌ಗೂ ನಡುವಿನ ಸಂದಿ. 2 ಮಿ.ಮೀ. ಸೋಲ್ಡರ್ ತಂತಿಯನ್ನು ಗುಡ್ಜನ್ ಪಿನ್‌ನ ನೇರಕ್ಕೆ ಎರಡೂ ಕಡೆ ಗ್ರೀಸ್‌ನಿಂದ ಅಂಟಿಸಿ, ತುದಿ ಸಿಲಿಂಡರ್ ಗೋಡೆ ಮುಟ್ಟುವಂತಿಟ್ಟು, ಹೆಡ್ ಬಿಗಿದು, ಎಂಜಿನ್ ಒಂದು ಸುತ್ತು ತಿರುಗಿಸಿ, ಚಪ್ಪಟೆಯಾದ ತುದಿಯನ್ನು ಮೈಕ್ರೋಮೀಟರ್‌ನಲ್ಲಿ ಅಳೆಯಿರಿ. ಎಕ್ಸಾಸ್ಟ್-ಇನ್‌ಟೇಕ್ ದಿಕ್ಕಿಗೆ ಇಟ್ಟರೆ ಪಿಸ್ಟನ್ ವಾಲಿ ಅಳತೆ ಕೆಡುತ್ತದೆ. ಈ ಗಾತ್ರಕ್ಕೆ 0.8ರಿಂದ 1.1 ಮಿ.ಮೀ. ಒಳ್ಳೆಯದು. 1.5 ದಾಟಿದರೆ ಅಂಚಿನಲ್ಲಿ ಉಳಿದ ಮಿಶ್ರಣ ತಣಿಯದೆ ತಾನೇ ಸಿಡಿಯುತ್ತದೆ, ಕಂಪ್ರೆಷನ್ ಕಡಿಮೆಯಿದ್ದರೂ ನಾಕಿಂಗ್ ಬರುತ್ತದೆ. 0.7ಕ್ಕಿಂತ ಇಳಿಸಿದರೆ ಮೇಲಿನ ಆರ್‌ಪಿಎಂನಲ್ಲಿ ರಾಡ್ ಹಿಗ್ಗಿ, ಬೇರಿಂಗ್ ಸಂದಿಯೂ ಸೇರಿ, ಪಿಸ್ಟನ್ ಹೆಡ್‌ಗೆ ತಾಗುತ್ತದೆ. ತಾಗಿದ ಜಾಗ ಕನ್ನಡಿಯಂತೆ ಹೊಳೆಯುತ್ತದೆ.

ಸ್ಕ್ವಿಷ್ ಇಳಿಸಲು ಸಿಲಿಂಡರ್ ಬುಡದಿಂದ 0.5 ಮಿ.ಮೀ. ಲೇತ್‌ನಲ್ಲಿ ತೆಗೆಸಿದಿರಿ ಎನ್ನೋಣ. 1.4 ಇದ್ದದ್ದು 0.9 ಆಯಿತು, ಸರಿ. ಜೊತೆಗೆ 1.15 ಸಿಸಿ ಜಾಗವೂ ಹೋಯಿತು. ಮೊದಲು ಚೇಂಬರ್ 11.2 ಸಿಸಿ ಇದ್ದರೆ ಕಂಪ್ರೆಷನ್ 12.1:1, ಈಗ 10.05 ಸಿಸಿ, 13.4:1. ಪಂಪಿನ ಪೆಟ್ರೋಲ್‌ಗೆ ಇದು ಅಂಚಿನ ಮಾತು. ಪೋರ್ಟ್‌ಗಳೂ ಅರ್ಧ ಮಿ.ಮೀ. ಕೆಳಗಿಳಿದು ಎಕ್ಸಾಸ್ಟ್ ತೆರೆದಿರುವ ಅವಧಿ ಸುಮಾರು 2 ಡಿಗ್ರಿ ಕಡಿಮೆಯಾಗುತ್ತದೆ, ಇದು ಪಿಸ್ಟನ್ ಮೇಲಿನ ಹೊರೆಯನ್ನು ಇನ್ನಷ್ಟು ಏರಿಸುತ್ತದೆ. ಹೀಗಾಗಿ ಬುಡ ತೆಗೆಸಿದರೆ ಚೇಂಬರ್ ಗುಮ್ಮಟವನ್ನು ಅಷ್ಟೇ ಪ್ರಮಾಣದಲ್ಲಿ ಕೊರೆಸಿ ಸಿಸಿ ವಾಪಸ್ ಕೊಡಬೇಕು. ಚೇಂಬರ್ ಅಳೆಯಲು ಪಿಸ್ಟನ್ ಮೇಲೆ ತಂದು, ರಿಂಗ್ ಬಳಿ ಗ್ರೀಸ್ ಹಚ್ಚಿ, ಪ್ಲಗ್ ತೂತಿನಿಂದ ಬ್ಯುರೆಟ್‌ನಲ್ಲಿ ತೆಳು ಆಯಿಲ್ ಬಿಡಿ. ಪ್ಲಗ್ ಎಳೆಗಳ ಕೆಳ ಅಂಚಿಗೆ ನಿಲ್ಲಿಸಿ.

ಟೈಮಿಂಗ್ ಅನ್ನು ಡಯಲ್ ಗೇಜ್‌ನಲ್ಲಿ ಪ್ಲಗ್ ತೂತಿನಿಂದ ನೋಡುವುದು. 54.5 ಸ್ಟ್ರೋಕ್, 105 ಮಿ.ಮೀ. ರಾಡ್‌ಗೆ 18 ಡಿಗ್ರಿ ಎಂದರೆ ಪಿಸ್ಟನ್ ಮೇಲ್ತುದಿಗಿಂತ 1.67 ಮಿ.ಮೀ. ಕೆಳಗೆ, 20 ಡಿಗ್ರಿ ಎಂದರೆ 2.06. ಕಣ್ಣಂದಾಜಿನಲ್ಲಿ ಸ್ಟೇಟರ್ ಸರಿಸಿದರೆ 2 ಡಿಗ್ರಿ ಆಚೀಚೆ ಆಗುವುದು ಸಹಜ, ಪಿಸ್ಟನ್ ಕರಗಲು ಅಷ್ಟು ಸಾಕು. ಮೇಲಿನ ಆರ್‌ಪಿಎಂನಲ್ಲಿ ಟೈಮಿಂಗ್ ಅಡ್ವಾನ್ಸ್ ಮಾಡಿದರೆ ಕಾವು ಪಿಸ್ಟನ್‌ಗೆ, ರಿಟಾರ್ಡ್ ಮಾಡಿದರೆ ಕಾವು ಪೈಪಿಗೆ. ಮ್ಯಾಗ್ನೆಟ್ ತೆಗೆದು ಕೀಯನ್ನೂ ನೋಡಿ: ಮ್ಯಾಗ್ನೆಟ್ ಕೂರುವ ಶಾಫ್ಟ್‌ನ ಓರೆ ತುದಿಗೆ, ಅಂದರೆ ಟೇಪರ್‌ಗೆ, ಆಯಿಲ್ ಅಂಟಿದ್ದರೆ ಮ್ಯಾಗ್ನೆಟ್ ಜಾರಿ ಕೀ ಅರ್ಧ ಕತ್ತರಿಸುತ್ತದೆ, ಎಂಜಿನ್ ಓಡುತ್ತಲೇ ಇರುತ್ತದೆ, ಟೈಮಿಂಗ್ ಮಾತ್ರ ಬೇರೆಲ್ಲೋ. ಟೇಪರ್ ಒಣಗಿ ಸ್ವಚ್ಛವಾಗಿರಬೇಕು. ಹಿಡಿಯುವುದು ಟೇಪರ್, ಕೀ ಬರೀ ಗುರುತಿಗೆ.

ಪೋರ್ಟ್ ಕೆತ್ತಿದ್ದರೆ ಅಂಚುಗಳಿಗೆ ಬೆರಳು ಸವರಿ. ಚೂಪು ಉಳಿದಿದ್ದರೆ ರಿಂಗ್ ಸಿಕ್ಕಿಕೊಳ್ಳುತ್ತದೆ. ಒಂಟಿ ಎಕ್ಸಾಸ್ಟ್ ಪೋರ್ಟ್‌ನ ಅಗಲ ಬೋರ್‌ನ 70 ಶೇಕಡಾ ಸಮೀಪಿಸಿದರೆ, ಅಂದರೆ ಇಲ್ಲಿ 38 ಮಿ.ಮೀ. ಬಳಿ ಬಂದರೆ, ರಿಂಗ್ ಆಯುಷ್ಯ ಕುಗ್ಗುತ್ತದೆ. ಪ್ಲೇಟಿಂಗ್ ಇರುವ ಸಿಲಿಂಡರ್‌ನಲ್ಲಿ ಗ್ರೈಂಡರ್ ಬೋರ್ ಕಡೆಯಿಂದ ಪೋರ್ಟ್ ಒಳಕ್ಕೆ ತಳ್ಳುವ ದಿಕ್ಕಿನಲ್ಲಿ ತಿರುಗಬೇಕು, ಇಲ್ಲದಿದ್ದರೆ ಪ್ಲೇಟಿಂಗ್ ಸಿಪ್ಪೆಯಂತೆ ಏಳುತ್ತದೆ.

ಮರಳಿ ಕಟ್ಟುವ ಮುನ್ನ

ಬೋರ್‌ಗೆ ಮೆತ್ತಿದ ಅಲ್ಯೂಮಿನಿಯಂ ಕೆರೆದು ತೆಗೆಯಬೇಡಿ. ಕಾಸ್ಟಿಕ್ ಸೋಡಾ ದ್ರಾವಣವನ್ನು ಹತ್ತಿ ಕಡ್ಡಿಯಲ್ಲಿ ಆ ಜಾಗಕ್ಕಷ್ಟೇ ಹಚ್ಚಿ. ಅಲ್ಯೂಮಿನಿಯಂ ಕರಗುತ್ತದೆ, ನಿಕಲ್ ಪ್ಲೇಟಿಂಗ್ ಆಗಲಿ ಬೀಡು ಕಬ್ಬಿಣದ ಸ್ಲೀವ್ ಆಗಲಿ ಕರಗುವುದಿಲ್ಲ. ಪೋರ್ಟ್ ಒಳಗಿನ ಬರಿ ಅಲ್ಯೂಮಿನಿಯಂಗೆ ತಾಗಿದರೆ ಅದನ್ನೂ ತಿನ್ನುತ್ತದೆ, ಹುಷಾರು. ಕೈಗವಸು, ಕನ್ನಡಕ ಕಡ್ಡಾಯ; ಹೈಡ್ರೋಜನ್ ಹೊರಡುವುದರಿಂದ ಗಾಳಿಯಾಡುವ ಜಾಗ, ಹತ್ತಿರ ಬೆಂಕಿ ಬೇಡ. ಗುಳ್ಳೆ ನಿಂತ ಮೇಲೆ ಧಾರಾಳ ನೀರಿನಲ್ಲಿ ತೊಳೆಯಿರಿ. ಉಗುರಿಗೆ ಗೀರು ಸಿಗುತ್ತಿದ್ದರೆ ಆ ಸಿಲಿಂಡರ್ ಮರುಪ್ಲೇಟಿಂಗ್‌ಗೆ ಅಥವಾ ಬೋರಿಂಗ್‌ಗೆ ಹೋಗಬೇಕು.

ಬೋರನ್ನು ಮೂರು ಎತ್ತರದಲ್ಲಿ, ಎರಡು ದಿಕ್ಕಿನಲ್ಲಿ ಬೋರ್ ಗೇಜ್‌ನಿಂದ ಅಳೆಯಿರಿ. ಪಿಸ್ಟನ್ ಅನ್ನು ಪಿನ್‌ಗೆ ಅಡ್ಡ ದಿಕ್ಕಿನಲ್ಲಿ, ತಯಾರಕರು ಹೇಳಿದ ಎತ್ತರದಲ್ಲಿ ಅಳೆಯಬೇಕು. ಪ್ಲೇಟಿಂಗ್ ಬೋರ್‌ನಲ್ಲಿ ಎರಕದ ಪಿಸ್ಟನ್‌ಗೆ 0.05-0.06 ಮಿ.ಮೀ. ಕ್ಲಿಯರೆನ್ಸ್ ಸಾಮಾನ್ಯ, ಫೋರ್ಜ್ಡ್ ಪಿಸ್ಟನ್ ಹೆಚ್ಚು ಹಿಗ್ಗುವುದರಿಂದ ಅದಕ್ಕೆ ಇನ್ನೂ ಬೇಕು. ಎರಕದ ಪಿಸ್ಟನ್‌ನ ಅಳತೆಗೆ ಬೋರ್ ಮಾಡಿಸಿ ಫೋರ್ಜ್ಡ್ ಪಿಸ್ಟನ್ ತೂರಿಸುವುದು ನಾಲ್ಕು ಕಡೆ ಸೀಜ್‌ನ ಹಳೇ ಕಾರಣ. ರಿಂಗ್ ಗ್ಯಾಪ್ ಕನಿಷ್ಠ 0.22 ಮಿ.ಮೀ. ಇರಲಿ, ಕಡಿಮೆಯಿದ್ದರೆ ತುದಿಗಳು ಕಾದಾಗ ಒಂದಕ್ಕೊಂದು ಒತ್ತಿ ರಿಂಗ್ ಬೋರನ್ನು ಕೊರೆಯುತ್ತದೆ.

ಕ್ರ್ಯಾಂಕ್ ವಿಷಯದಲ್ಲಿ ಎರಡೇ ಮಾತು. ಶಾಫ್ಟ್ ತುದಿಗಳ ಓಲಾಟ ಡಯಲ್ ಗೇಜ್‌ನಲ್ಲಿ 0.03 ಮಿ.ಮೀ. ಒಳಗಿರಲಿ. ಕೇಸ್‌ಗಳನ್ನು ಬೋಲ್ಟ್‌ನಿಂದ ಎಳೆದು ಕೂಡಿಸಬೇಡಿ. 100 ಡಿಗ್ರಿಗೆ ಕಾಯಿಸಿದರೆ ಬೇರಿಂಗ್ ತಾನೇ ಇಳಿಯುತ್ತದೆ. ಕೂಡಿಸಿದ ಮೇಲೆ ಎರಡು ಬೆರಳಲ್ಲಿ ಕ್ರ್ಯಾಂಕ್ ಸಲೀಸಾಗಿ ತಿರುಗದಿದ್ದರೆ ಬೇರಿಂಗ್ ಪಕ್ಕಕ್ಕೆ ಒತ್ತಿಕೊಂಡಿದೆ; ಮೆತ್ತನೆ ಸುತ್ತಿಗೆಯಿಂದ ಶಾಫ್ಟ್ ತುದಿಗೆ ಒಂದು ಏಟು ಕೊಟ್ಟರೆ ಬಿಡಿಸಿಕೊಳ್ಳುತ್ತದೆ.

ಕಟ್ಟಿ ಮುಗಿಸಿ ಸೋರಿಕೆ ಪರೀಕ್ಷೆಯನ್ನು ಮತ್ತೆ ಮಾಡಿ. ಆಮೇಲೆ ಮೂರು ಸಲ ಬಿಸಿ ಮಾಡಿ ಪೂರ್ತಿ ತಣಿಸಿ. ತಣ್ಣಗಿರುವಾಗ ಹೆಡ್ ನಟ್‌ಗಳನ್ನು ಕರ್ಣಕ್ಕೆ ಎದುರುಬದುರಾಗಿ ಟಾರ್ಕ್ ನೋಡಿ. ಟ್ರ್ಯಾಕ್‌ಗೆ ಹೋಗುವಾಗ ಮೇನ್ ಜೆಟ್ ಎರಡು ಸೈಜ್ ರಿಚ್ ಇರಲಿ. ಒಂದೊಂದೇ ಸೈಜ್ ಇಳಿಸುತ್ತಾ ಪ್ರತಿ ಸಲ ಪ್ಲಗ್ ಓದಿ, ಎಳೆತ ಚುರುಕಾಗುವುದು ನಿಂತ ಕೂಡಲೇ ಒಂದು ಸೈಜ್ ಮೇಲಕ್ಕೆ ಹೋಗಿ ಅಲ್ಲೇ ಬಿಡಿ. ಹವೆಯನ್ನೂ ಬರೆದಿಟ್ಟುಕೊಳ್ಳಿ: ಮಧ್ಯಾಹ್ನ 30 ಡಿಗ್ರಿಯಲ್ಲಿ ಹೊಂದಿಸಿದ ಎಂಜಿನ್‌ಗೆ ಮರುದಿನ ಬೆಳಿಗ್ಗೆ 20 ಡಿಗ್ರಿಯಲ್ಲಿ ಗಾಳಿ 3.4 ಶೇಕಡಾ ಸಾಂದ್ರ. ಸಂಖ್ಯೆಯೇ ರಂಧ್ರದ ವ್ಯಾಸವಾಗಿರುವ ಜೆಟ್‌ಗಳಲ್ಲಿ 170 ಇದ್ದದ್ದು ಆಗ ಸುಮಾರು 173 ಆಗಬೇಕು. ಆ ಸೈಜ್ ಇಲ್ಲದಿದ್ದರೆ 175 ಹಾಕಿ, 170ರಲ್ಲೇ ಬಿಡಬೇಡಿ.